ತೊಳೆದರೆ ಮೂಲ ಅಳಿಯುವುದೇ?

ದೇಹವು ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟಿರುವ ಅಮಾನತ್ತು. ಕಾಯಿಲೆ ಬಂದಾಗ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಆದರೆ ಚಿಕಿತ್ಸೆಯ ವಸ್ತುವೇ ನಿಷಿದ್ಧ ಮೂಲದಿಂದ ಬಂದಿದ್ದರೆ ಸತ್ಯವಿಶ್ವಾಸಿಯು ಏನು ಮಾಡಬೇಕು?

ಇಂದು ವೈದ್ಯರ ಕೈಯಲ್ಲಿ ಒಂದು ವಿಧಾನವಿದೆ. ಪ್ರಾಣಿಯ ಅಥವಾ ಮೃತ ದಾನಿಯ ಅಂಗಾಂಶವನ್ನು ಸಾಬೂನಿನಂಥ ದ್ರಾವಣಗಳಿಂದ ಮತ್ತೆ ಮತ್ತೆ ತೊಳೆಯುತ್ತಾರೆ. ಜೀವಕೋಶಗಳು ತೊಳೆದುಹೋಗಿ ಕೊಲಾಜನ್ ಮುಂತಾದ ನಾರುಗಳ ಹಂದರ ಉಳಿಯುತ್ತದೆ. ಅದನ್ನು ಸುಟ್ಟಗಾಯದ ಮೇಲೆ ಹೊದಿಸಿದರೆ, ಅಥವಾ ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ದೇಹದೊಳಗಿಟ್ಟು ಹೊಲಿದರೆ, ಚಪ್ಪರಕ್ಕೆ ಬಳ್ಳಿ ಹಬ್ಬುವಂತೆ ರೋಗಿಯ ಸ್ವಂತ ಜೀವಕೋಶಗಳು ಅದರೊಳಗೆ ಹಬ್ಬುತ್ತವೆ. 2008ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಇಲಿಯ ಹೃದಯವನ್ನು ಹೀಗೆ ತೊಳೆದು ಹೊಸ ಜೀವಕೋಶಗಳನ್ನು ತುಂಬಿದಾಗ ಅದು ಕ್ಷೀಣವಾಗಿಯಾದರೂ ಮಿಡಿಯಿತು. ಮನುಷ್ಯನಿಗೆ ಇಡೀ ಹೃದಯವನ್ನು ಹೀಗೆ ಕಟ್ಟಿಕೊಡುವ ದಿನ ಇನ್ನೂ ಬಂದಿಲ್ಲ. ಆದರೆ ತೇಪೆಯಂತೆ ಬಳಸುವ ಹಂದರಗಳು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ. ಅವುಗಳಲ್ಲಿ ಹಲವು ಹಂದಿಯ ಸಣ್ಣಕರುಳು, ಚರ್ಮ ಮತ್ತು ಮೂತ್ರಕೋಶದಿಂದ ತಯಾರಾದವು. ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಕೆಲವರು ಸುಲಭವಾದ ಉತ್ತರ ಕೊಡುತ್ತಾರೆ: "ಜೀವಕೋಶಗಳೇ ಹೋದ ಮೇಲೆ ಅದರಲ್ಲಿ ಹಂದಿ ಎಲ್ಲಿದೆ? ಮದ್ಯವು ವಿನಿಗರ್ ಆದಾಗ ಹಲಾಲ್ ಆಗುವುದಿಲ್ಲವೇ? ಇದೂ ಹಾಗೆಯೇ." ವಸ್ತುವಿನ ಸ್ವರೂಪವೇ ಬದಲಾಗುವ ಇದನ್ನು ಫಿಕ್ಹ್‌ನಲ್ಲಿ ಇಸ್ತಿಹಾಲಃ ಎನ್ನುತ್ತಾರೆ. 1995ರಲ್ಲಿ ಕುವೈತ್‌ನಲ್ಲಿ ನಡೆದ ವೈದ್ಯಕೀಯ ಫಿಕ್ಹ್ ಸಮ್ಮೇಳನವು ಇದೇ ಆಧಾರದಲ್ಲಿ ಜೆಲಟಿನ್ ಶುದ್ಧವೆಂದು ಅಭಿಪ್ರಾಯಪಟ್ಟಿತು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ.

ಆದರೆ ಓದುಗರೇ, ಸ್ವಲ್ಪ ಯೋಚಿಸಿ ನೋಡಿ. ಜೆಲಟಿನ್ ತಯಾರಿಕೆಯಲ್ಲಿ ಕೊಲಾಜನ್ ಒಡೆದು ಬೇರೊಂದು ವಸ್ತುವಾಗುತ್ತದೆ. ಹಂದರದ ವಿಷಯದಲ್ಲಿ ವೈದ್ಯರು ಬಯಸುವುದು ಇದಕ್ಕೆ ತದ್ವಿರುದ್ಧವಾದುದನ್ನು. ನಾರಿನ ನೇಯ್ಗೆಯು ಪ್ರಾಣಿಯ ದೇಹದಲ್ಲಿದ್ದಂತೆಯೇ ಉಳಿಯಬೇಕು. ಉಳಿದರೆ ಮಾತ್ರ ಅದಕ್ಕೆ ಬೆಲೆ. ಬದಲಾಗದಿರುವುದೇ ಯಾವುದರ ಗುಣವೋ ಅದನ್ನು ಬದಲಾಗಿದೆ ಎಂದು ಹೇಳುವುದು ಹೇಗೆ? ಇದಕ್ಕೆ ಹೆಚ್ಚು ಹತ್ತಿರದ ಹೋಲಿಕೆ ವಿನಿಗರ್ ಅಲ್ಲ, ಹದಮಾಡಿದ ತೊಗಲು. ಅಲ್ಲಿಯೂ ಮಾಂಸ, ಕೊಬ್ಬು ಹೋಗಿ ನಾರು ಉಳಿಯುತ್ತದೆ. ಸತ್ತ ಪ್ರಾಣಿಯ ತೊಗಲು ಹದಮಾಡಿದರೆ ಶುದ್ಧವಾಗುತ್ತದೆ. ಆದರೆ ಹಂದಿಯ ತೊಗಲಿಗೆ ಆ ರಿಯಾಯಿತಿ ಇಲ್ಲವೆಂಬುದು ಹನಫೀ ಮತ್ತು ಶಾಫಿಈ ಮದ್‌ಹಬ್‌ಗಳ ಪ್ರಬಲ ಅಭಿಪ್ರಾಯ.

ಹಾಗಾದರೆ ರೋಗಿಯು ಸಾಯಬೇಕೇ? ಖಂಡಿತ ಇಲ್ಲ. ನಿಷಿದ್ಧ ಆಹಾರಗಳನ್ನು ತಿಳಿಸುವಾಗ ಪವಿತ್ರ ಕುರ್‌ಆನ್ ನಾಲ್ಕು ಕಡೆ ನಿರ್ಬಂಧಿತನಾದವನಿಗೆ ವಿನಾಯಿತಿಯನ್ನೂ ಜತೆಗೇ ತಿಳಿಸಿದೆ. ಜೀವ ಅಥವಾ ಅಂಗ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಈ ಬಾಗಿಲು ತೆರೆದಿದೆ. ತೆರೆದ ಬಾಗಿಲಿನಿಂದ ನೇರವಾಗಿ ಒಳಹೋಗುವುದು ಪ್ರಾಮಾಣಿಕತೆ. "ಇದು ಹಂದಿಯೇ ಅಲ್ಲ" ಎಂದು ಹೆಸರು ಬದಲಿಸಿ ಗೋಡೆ ಹಾರುವ ಅಗತ್ಯವಿಲ್ಲ.

ಈ ಎರಡು ದಾರಿಗಳ ನಡುವೆ ದೊಡ್ಡ ವ್ಯತ್ಯಾಸವಿದೆ. ವಸ್ತುವೇ ಶುದ್ಧವೆಂದುಕೊಂಡವನು ಮುಂದೆ ಏನನ್ನೂ ವಿಚಾರಿಸುವುದಿಲ್ಲ. ಅನಿವಾರ್ಯತೆಯನ್ನು ನಂಬಿದವನು ಮೊದಲು ಕೇಳಬೇಕಾಗುತ್ತದೆ: ಬೇರೆ ದಾರಿ ನಿಜವಾಗಿಯೂ ಇಲ್ಲವೇ? ಅನೇಕ ಸಂದರ್ಭಗಳಲ್ಲಿ ಇರುತ್ತದೆ. ದನದ ಹೃದಯದ ಹೊರಪೊರೆಯಿಂದಲೂ ದಾನವಾಗಿ ದೊರೆತ ಮನುಷ್ಯಚರ್ಮದಿಂದಲೂ ಹಂದರಗಳು ತಯಾರಾಗುತ್ತವೆ. ಐಸ್‌ಲ್ಯಾಂಡ್ ದೇಶದಲ್ಲಿ ಕಾಡ್ ಎಂಬ ಮೀನಿನ ಚರ್ಮವನ್ನೇ ತೊಳೆದು ಗಾಯಗಳಿಗೆ ಹೊದಿಕೆ ಮಾಡುತ್ತಾರೆ. ಎಲ್ಲವೂ ಎಲ್ಲ ರೋಗಕ್ಕೂ ಒದಗುವುದಿಲ್ಲ, ಎಲ್ಲ ಕಡೆಯೂ ಸಿಗುವುದಿಲ್ಲ. ಆದರೆ ಕೇಳದೆ ತಿಳಿಯುವುದು ಹೇಗೆ?

ಆದುದರಿಂದ ನಿಮ್ಮ ಮನೆಯವರಿಗೆ ಇಂತಹ ಶಸ್ತ್ರಚಿಕಿತ್ಸೆ ನಡೆಯುವುದಾದರೆ ಅರಿವಳಿಕೆ ಕೊಡುವ ಮುನ್ನವೇ ಬಳಸುವ ವಸ್ತು ಎಲ್ಲಿಂದ ಬಂದುದೆಂದು ವೈದ್ಯರನ್ನು ವಿನಯದಿಂದ ವಿಚಾರಿಸಿರಿ. ಸ್ಥಳೀಯ ವಿದ್ವಾಂಸರ ಸಲಹೆ ಪಡೆಯಿರಿ. ವೈದ್ಯರಿಗೂ ಒಂದು ಮಾತು: ರೋಗಿಗೆ ತಿಳಿಯದಿದ್ದರೆ ಪಾಪವಿಲ್ಲವಲ್ಲ ಎಂದು ಮುಚ್ಚಿಡುವುದು ಕರುಣೆಯಲ್ಲ. ತನ್ನ ದೇಹಕ್ಕೆ ಏನು ಸೇರುತ್ತಿದೆಯೆಂದು ತಿಳಿಯುವ ಹಕ್ಕು ರೋಗಿಗಿದೆ. ಮರೆಮಾಚಿದರೆ ಅಮಾನತ್ತಿಗೆ ದ್ರೋಹವಾಗುತ್ತದೆ.

ಇನ್ನು, ಅನಿವಾರ್ಯವಾಗಿ ಅಥವಾ ಅರಿಯದೆ ಇಂತಹ ಚಿಕಿತ್ಸೆ ಪಡೆದವರು "ನನ್ನ ನಮಾಝ್ ಸ್ವೀಕೃತವಾಗುವುದೇ" ಎಂದು ಕೊರಗಬೇಕಾಗಿಲ್ಲ. ಸಣ್ಣಕರುಳಿನಿಂದ ಮಾಡಿದ ಹಂದರವು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕರಗಿ, ಆ ಜಾಗದಲ್ಲಿ ರೋಗಿಯದೇ ಅಂಗಾಂಶ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಆಗದ ಮಾರ್ಪಾಡನ್ನು ಸೃಷ್ಟಿಕರ್ತನು ಅವರ ದೇಹದಲ್ಲಿಯೇ ಮಾಡಿಸುತ್ತಾನೆ. ಒಂದುವೇಳೆ ಅದು ಕರಗದೆ ಉಳಿದರೂ, ನಿರ್ಬಂಧಿತನ ಮೇಲೆ ದೋಷವಿಲ್ಲ ಎಂದವನು ಅಲ್ಲಾಹನೇ. ಅವನು ಕ್ಷಮಿಸಿದುದನ್ನು ನಾವು ಹೊತ್ತು ತಿರುಗುವುದು ಭಕ್ತಿಯಲ್ಲ.

ಅಲ್ಲಾಹನೇ ಚೆನ್ನಾಗಿ ಬಲ್ಲವನು.