ಒಡೆಯುವುದೂ ಕೂಡಿಸುವುದೂ

ಬಡಗಿ ಉಳಿಯಿಂದ ಕೆತ್ತಿದನೆಂದರೆ ಬಡಗಿ ಕರ್ತೃ, ಉಳಿ ಕರಣ. ‘ಉಳಿ ಕೆತ್ತಿತು’ ಎಂದರೂ ಭಾಷೆ ಒಪ್ಪುತ್ತದೆ. ಆಗ ಕರಣವೇ ಕರ್ತೃವಿನ ಪೀಠವನ್ನೇರುತ್ತದೆ. ವ್ಯಾಕರಣ ಹೇಳಿಕೊಡುವ ನನಗೆ ಈ ಸಲುಗೆ ಎಲ್ಲಿಯವರೆಗೆ ಸಲ್ಲುತ್ತದೆಂಬ ಪ್ರಶ್ನೆಯನ್ನು ಒಡ್ಡಿದ್ದು ಲೈಪೇಸ್ ಎಂಬ ಕಿಣ್ವ.

ನಾವು ಉಂಡ ತುಪ್ಪವನ್ನು ಕರುಳಿನಲ್ಲಿ ಜೀರ್ಣಿಸುವುದು ಇದೇ. ಮೇದೋಜೀರಕ ಗ್ರಂಥಿಯಿಂದ ಬಂದು, ನೀರಿನ ನೆರವಿನಿಂದ ಕೊಬ್ಬಿನ ಅಣುವನ್ನು ಸೀಳಿ ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ಒಡೆಯುವುದೇ ಅದರ ಸ್ವಭಾವವೆಂದು ಹೆಸರಾಯಿತು. ಆದರೆ 1900ರಲ್ಲಿ ಅಮೆರಿಕದ ಕ್ಯಾಸಲ್ ಮತ್ತು ಲೋವೆನ್‌ಹಾರ್ಟ್ ಎಂಬಿಬ್ಬರು, ಅದೇ ಕಿಣ್ವ ಬ್ಯುಟಿರಿಕ್ ಆಮ್ಲವನ್ನು ಆಲ್ಕೊಹಾಲಿನೊಡನೆ ಬೆಸೆದು ಎಸ್ಟರನ್ನು ಕಟ್ಟಬಲ್ಲುದೆಂದು ತೋರಿಸಿದರು.

ಮೇಣದ ಎಸ್ಟರಿನ ಸಂಗತಿ ಇನ್ನೂ ಸೋಜಿಗದ್ದು. ಉದ್ದ ಸರಪಳಿಯ ಆಮ್ಲವೂ ಅಂಥದೇ ಆಲ್ಕೊಹಾಲೂ ಕೂಡಿದರೆ ಅದು. ಜೇನುಮೇಣದಲ್ಲಿಯೂ ಹೊಹೊಬಾ ಬೀಜದ ಎಣ್ಣೆಯಲ್ಲಿಯೂ ಇರುವಂಥದು. ಕೂಡುವಾಗ ಒಂದು ನೀರಿನ ಅಣು ಹೊರಬೀಳುತ್ತದೆ. ಹಾಗಿದ್ದಮೇಲೆ ಸುತ್ತಲೂ ನೀರೇ ತುಂಬಿರುವಲ್ಲಿ ಈ ಬೆಸುಗೆ ಬಿಚ್ಚಿಹೋಗಬೇಡವೇ? ಹೋಗುವುದಿಲ್ಲ. ಆಮ್ಲ, ಆಲ್ಕೊಹಾಲು ಎರಡೂ ಎಣ್ಣೆಯ ಜಾತಿಯವು. ನೀರಿನಲ್ಲಿ ಬೆರೆಯದೆ ಹನಿಗಟ್ಟಿ ನಿಲ್ಲುತ್ತವೆ. (ನೀರು ಕ್ಷಾರವಾಗಿದ್ದರೆ ಆಮ್ಲ ಸಾಬೂನಾಗಿ ಕೆಲಸ ಕೆಟ್ಟೀತು, ಆ ಮಾತು ಬೇರೆ.) ಕಿಣ್ವ ಹನಿಯ ಅಂಚಿನಲ್ಲಿ ಕುಳಿತು ಬೆಸೆಯುತ್ತದೆ. ಹುಟ್ಟಿದ ಮೇಣ ಹನಿಯೊಳಕ್ಕೆ ಸರಿಯುತ್ತದೆ, ಹೊರಬಿದ್ದ ನೀರು ಹೊರಗಿನ ನೀರನ್ನು ಸೇರುತ್ತದೆ. ಹೊರಗೆ ಕೆರೆಯಷ್ಟು ನೀರಿರಲಿ, ಹನಿಯ ಒಳಮನೆಯಲ್ಲಿ ನೀರು ಅತ್ಯಲ್ಪ.

ಎತ್ತ ಸಾಗಬೇಕೆಂಬ ಹಟ ಕಿಣ್ವಕ್ಕಿಲ್ಲ. ಸಮತೋಲ ಎಲ್ಲಿದೆಯೋ ಅಲ್ಲಿಗೆ ಬೇಗ ಮುಟ್ಟಿಸುತ್ತದೆ, ಅಷ್ಟೆ. ಒಡೆಯುವುದು ಅದರ ಸ್ವಭಾವವೆಂದದ್ದು ನಮ್ಮ ಹೊಟ್ಟೆಯನ್ನಷ್ಟೇ ನೋಡಿ ಆಡಿದ ಮಾತು.

ಇದನ್ನು ಕೇಳಿದ ಮಿತ್ರರೊಬ್ಬರು, “ಮನುಷ್ಯನೂ ಹೀಗೆಯೇ, ಸನ್ನಿವೇಶ ಬದಲಾಯಿಸಿ, ಮುರಿಯುವವನೇ ಕಟ್ಟುತ್ತಾನೆ” ಎಂದರು. ಅರ್ಧ ಒಪ್ಪುತ್ತೇನೆ. ಒಬ್ಬನನ್ನು ಒಂದೇ ಸ್ಥಿತಿಯಲ್ಲಿ ಕಂಡು ಮನೆಮುರುಕನೆಂದು ಹೆಸರಿಡುವುದು ಅನ್ಯಾಯವೇ. ಆದರೆ ಪೂರ್ತಿ ಒಪ್ಪಿದರೆ ಮನುಷ್ಯನನ್ನು ಉಳಿಯ ವಿಭಕ್ತಿಗೆ ಇಳಿಸಿದಂತಾಗುತ್ತದೆ. ಮನೆ ಮುರಿದವನು “ಕಾಲ ಹಾಗಿತ್ತು” ಎಂದರೆ ನಾವು ಸುಮ್ಮನಾಗುತ್ತೇವೆಯೇ? ಹನಿಯಂಚಿನ ಕಿಣ್ವಕ್ಕೆ ತಾನು ಮಾಡುತ್ತಿರುವುದೇನೆಂದು ತಿಳಿಯದು, ಕೈ ಹಿಂತೆಗೆಯಲೂ ಬಾರದು. ಒಂದೇ ಮನೆಯಲ್ಲಿ ಬೆಳೆದು, ಒಂದೇ ಆಸ್ತಿಗೆ ಬಾಧ್ಯರಾದ ಅಣ್ಣತಮ್ಮಂದಿರನ್ನು ನಾನು ಬಲ್ಲೆ. ಒಬ್ಬ ಪಾಲಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ; ಇನ್ನೊಬ್ಬ ಕಾಗದಕ್ಕೆ ರುಜು ಹಾಕುವ ಮುನ್ನ ಲೇಖನಿಯನ್ನು ಕೆಳಗಿಟ್ಟ.