ದಿನದ ಧಮ್ಮ ಚಿಂತನೆ: ಅಪ್ಪನ ಕೆಲಸ, ಮಗನ ದೇಶ



ಭಾನುವಾರ ಬಳಗದಲ್ಲಿ ಅಂಗುಲಿಮಾಲ ಸುತ್ತ ಓದಿದೆವು. ಐನೂರು ಕುದುರೆ ಸವಾರರೊಂದಿಗೆ ಕೊಲೆಗಾರನನ್ನು ಹುಡುಕಿ ಹೊರಟ ಪಸೇನದಿ ರಾಜನಿಗೆ ಅವನು ಸಿಕ್ಕಿದ್ದು ಚೀವರ ತೊಟ್ಟ ಭಿಕ್ಕುವಾಗಿ, ಭಗವಾನರ ಹತ್ತಿರವೇ. ಇವನೇ ಅವನೆಂದು ಖಾತ್ರಿಯಾದ ಮೇಲೆ ರಾಜ ಕೇಳುವುದೇನು ಗೊತ್ತೇ? ನಿಮ್ಮ ತಂದೆಯ ಗೋತ್ರ ಯಾವುದು, ತಾಯಿಯ ಗೋತ್ರ ಯಾವುದು ಅಂತ. ಅವನನ್ನು ಕಾಡಿನಲ್ಲಿ ಕಂಡಾಗ ಭಗವಾನರು ಇದನ್ನು ಕೇಳಿರಲಿಲ್ಲ. ಎಷ್ಟೋ ಸಲ ಓದಿದ್ದೇನೆ, ಈ ಸಲ ಅಲ್ಲೇ ನಿಂತುಬಿಟ್ಟೆ.

ನಿಂತದ್ದಕ್ಕೆ ಕಾರಣ ಕೆನಡಾದ ಒಂದು ಪ್ರಕರಣ. 1989ರಲ್ಲಿ ಒಟ್ಟಾವದಲ್ಲಿ ಒಬ್ಬ ಹುಡುಗ ಹುಟ್ಟಿದ. ತಂದೆತಾಯಿ ಭಾರತದವರು, ಅಲ್ಲಿನ ನಮ್ಮ ಹೈಕಮಿಷನ್‌ನಲ್ಲಿ ಮನೆಗೆಲಸಕ್ಕೆ ಹೋದವರು. ಹುಡುಗನಿಗೆ ಅಲ್ಲಿನ ಜನನ ಪ್ರಮಾಣಪತ್ರ ಸಿಕ್ಕಿತು, ಮುಂದೆ ಕೆನಡಾದ ಪಾಸ್‌ಪೋರ್ಟೂ ಸಿಕ್ಕಿತು. ದೊಡ್ಡವನಾಗಿ ದಾರಿ ತಪ್ಪಿದ. 2010ರಲ್ಲಿ ಮಾದಕವಸ್ತು, ಆಯುಧದ ಪ್ರಕರಣದಲ್ಲಿ ಮೂರು ವರ್ಷ ಶಿಕ್ಷೆಯಾಯಿತು. ಆಗ ಸರ್ಕಾರ ಹೇಳಿತು: ನೀನು ಕೆನಡಾದ ಪ್ರಜೆಯಲ್ಲ, ಯಾವತ್ತೂ ಆಗಿರಲಿಲ್ಲ.

ಅಲ್ಲಿನ ಕಾನೂನನ್ನು ಆಗ, 2019ಕ್ಕೆ ಮೊದಲು, ಅರ್ಥೈಸುತ್ತಿದ್ದಂತೆ ವಿದೇಶಿ ಸರ್ಕಾರದ ನೌಕರರ ಮಕ್ಕಳು ಅಲ್ಲಿ ಹುಟ್ಟಿದ ಮಾತ್ರಕ್ಕೆ ಪ್ರಜೆಗಳಾಗುತ್ತಿರಲಿಲ್ಲ. ನಮ್ಮ 1955ರ ಪೌರತ್ವ ಕಾಯ್ದೆಯ 3ನೇ ಕಲಮಿನಲ್ಲೂ ವಿದೇಶಿ ರಾಯಭಾರಿಗಳ ಮಕ್ಕಳನ್ನು ಹೀಗೇ ಹೊರಗಿಟ್ಟಿದ್ದಾರೆ. ಕೋರ್ಟಿಗೇ ನಿಲುಕದ ರಾಯಭಾರಿಗೆ ಈ ನಿಯಮ ಸರಿ ಇರಬಹುದು. ಅಡುಗೆ ಮಾಡಿ, ಕಸ ಗುಡಿಸಿದವರ ಮಗನಿಗೆ? ಅವನು ಹುಟ್ಟುವ ಮೊದಲೇ ಆ ಕೆಲಸ ಬಿಟ್ಟಿದ್ದೆವು ಎಂದು ಹೆತ್ತವರು ಹೇಳಿದರು. 2014ರಲ್ಲಿ ಫೆಡರಲ್ ಕೋರ್ಟು ಒಪ್ಪಲಿಲ್ಲ. ಭಾರತವೂ ಇವನು ನಮ್ಮವನಲ್ಲ ಎಂದಿತು.

ಅಂಗುಲಿಮಾಲ ಭಿಕ್ಷೆಗೆ ಹೋದಾಗ ಜನರ ಕಲ್ಲೇಟಿಗೆ ತಲೆ ಒಡೆದು ರಕ್ತ ಸುರಿಯಿತು. ಸಹಿಸಿಕೋ, ಇದು ನೀನು ಮಾಡಿದ್ದರ ಫಲ ಎಂದರು ಭಗವಾನರು. ಹಾಗೆ ನೋಡಿದರೆ ಆ ಹುಡುಗನಿಗೆ ಮೂರು ವರ್ಷದ ಜೈಲು ಅವನ ಕಮ್ಮ. ದೇಶ ಹೋದದ್ದು ಯಾರ ಕಮ್ಮ? ಹಿಂದಿನ ಜನ್ಮದ್ದು ಎಂಬ ಉತ್ತರ ನಮಗೆ ಬೇಡ, ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲೇ ಅದನ್ನು ತಳ್ಳಿಹಾಕಿದ್ದಾರೆ. ಅಪ್ಪ ಯಾವ ತಿಂಗಳು ಯಾರ ಮನೆಯಲ್ಲಿ ದುಡಿಯುತ್ತಿದ್ದ ಎಂಬುದು ಮಗನ ಕಮ್ಮ ಹೇಗಾಗುತ್ತದೆ?

ನನಗೆ ಇದು ದೂರದ ಕಥೆ ಅನಿಸಲಿಲ್ಲ. ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ ಜಾತಿ ಕಾಲಂನಲ್ಲಿ 'ಬೌದ್ಧ' ಎಂದಷ್ಟೇ ಬರೆಸಿದ್ದರು. 1986ರಲ್ಲಿ ಹಾಸ್ಟೆಲ್ ಅರ್ಜಿಗೆ ಪ್ರಮಾಣಪತ್ರ ಕೇಳಲು ಹೋದರೆ, "ನೀವು ಎಸ್ಸಿಗೆ ಬರಲ್ಲ ಕಣಪ್ಪ" ಎಂದು ಗುಮಾಸ್ತರು ಕಾಗದ ವಾಪಸ್ ಕೊಟ್ಟರು. ಊರಲ್ಲಿ ನಮಗೆ ಹೋಟೆಲಿನ ಲೋಟ ಆಗಲೂ ಬೇರೆಯೇ ಇತ್ತು! 1990ರಲ್ಲಿ ಕಾನೂನು ತಿದ್ದಿ ಬೌದ್ಧರಾದವರನ್ನೂ ಸೇರಿಸಿಕೊಂಡರು. ಅಷ್ಟರಲ್ಲಿ ನನ್ನ ಓದು ನಿಂತಿತ್ತು.

ಅಪ್ಪ ಬರೆಸಿದ್ದು ಮಾತ್ರ ಸ್ವಾಭಿಮಾನದಿಂದ, ಹೊಟ್ಟೆಪಾಡಿಗಲ್ಲ. ಆ ಪದ ತಿದ್ದಿಸೋಣ ಎಂದು ನಾನು ಅಂಗಲಾಚಿದರೂ ಅವರು ಒಪ್ಪಲಿಲ್ಲ. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಮೂರನೇ ದಿನ ಸಂಜೆ ವಂದನೆಗೆ ಅವರೇ ಬಂದು ಪಕ್ಕದಲ್ಲಿ ಕೂತರು.

ಭವತು ಸಬ್ಬ ಮಂಗಲಂ.