ಮೈದಾನದ ಸಮತೆ

ಮೈದಾನಕ್ಕಿಳಿದ ಮೇಲೆ ಎಲ್ಲರೂ ಸಮಾನರು ಎನ್ನುವುದು ವಾಡಿಕೆಯ ಮಾತು. ಈ ಸಮತೆ ಆಟದ ಸ್ವಭಾವದಲ್ಲೇ ಇದೆಯೋ ಅಥವಾ ಒಳಗೆ ಬರಲು ಸಾಧ್ಯವಾದವರಿಗೆ ಮಾತ್ರ ಸಿಗುವಂಥದ್ದೋ ಎಂಬುದು ತಾತ್ತ್ವಿಕ ಪ್ರಶ್ನೆ. ಬೆಂಗಳೂರಿನ ಫುಟ್‌ಬಾಲ್ ಅದಕ್ಕೆ ತಕ್ಕ ನಿದರ್ಶನ.

ಇಲ್ಲಿ ಫುಟ್‌ಬಾಲ್ ಬೇರೂರಿದ್ದು ದಂಡು ಪ್ರದೇಶದಲ್ಲಿ. ಬ್ರಿಟಿಷ್ ಸೈನಿಕರ ಆಟ, ದಂಡಿನ ಆಸರೆಯಲ್ಲಿ ದುಡಿದು ಬದುಕುತ್ತಿದ್ದ ತಮಿಳು, ಉರ್ದು ಮನೆಮಾತಿನ ಕುಟುಂಬಗಳ ಹುಡುಗರಿಗೂ ಒಲಿಯಿತು. ಚೆಂಡೊಂದು, ಬಯಲೊಂದು ಇದ್ದರೆ ಸಾಕಿತ್ತು. ಬೂಟಿನ ಹಂಗೂ ಇರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತ ಭಾರತ ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಮತ್ತು ಮುಂಪಡೆಯ ಅಹ್ಮದ್ ಖಾನ್ ಬೆಂಗಳೂರಿನವರು. ಮುಂದೆ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳು ಆಟಗಾರರಿಗೆ ನೌಕರಿ ಕೊಟ್ಟವು. ಆಟವೇ ಅವರ ಕಾಯಕವಾಯಿತು. ಹಲಸೂರು ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಸಾಲಿನಲ್ಲಿ ಪೆಲೆಯ ಪ್ರತಿಮೆಯೂ ಇದೆ. ಬಡತನದಿಂದ ಮೇಲೆದ್ದ ಆಟಗಾರನಿಗೆ ಆ ಕೇರಿ ಕೊಟ್ಟಿರುವ ಸ್ಥಾನ ಅದು.

ಪೇಟೆಯ ಪಡುವಣಕ್ಕೆ ಬೆಳೆದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಬೀದಿಯ ಆಟವೆಂದರೆ ಕ್ರಿಕೆಟ್. ಈಚೆಗೆ ಕೆಂಗೇರಿಯವರೆಗೂ ಫುಟ್‌ಬಾಲ್ ಬಂದಿದೆ, ಆದರೆ ಬೇರೆ ವೇಷದಲ್ಲಿ: ಸುತ್ತ ಬಲೆ ಕಟ್ಟಿದ, ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ಟರ್ಫ್, ಕಚೇರಿ ಮುಗಿಸಿ ಬಂದವರ ಮೈಮೇಲೆ ಯುರೋಪಿನ ಕ್ಲಬ್ಬುಗಳ ಜೆರ್ಸಿ. ಫಿಲಿಪೈನ್ಸ್‌ನಲ್ಲೂ ಇಂಥ ಎರಡು ಮುಖಗಳಿವೆ. ಅಲ್ಲಿ ಗಲ್ಲಿಗಲ್ಲಿಯ ಆಟ ಬ್ಯಾಸ್ಕೆಟ್‌ಬಾಲ್. ಫುಟ್‌ಬಾಲ್‌ಗೆ ಮನಿಲಾದಲ್ಲಿ ಖಾಸಗಿ ಶಾಲೆಗಳ ಆಟವೆಂಬ ಹೆಸರು. ಇಲೊಯ್ಲೊ ಪ್ರಾಂತ್ಯದ ಬರೊಟಾಕ್ ನುಯೆವೊ ಎಂಬ ಊರಿನಲ್ಲಿ ಮಾತ್ರ ಅದು ಜನಸಾಮಾನ್ಯರದ್ದು. ವರ್ಗ ಎಂಬುದು ಚೆಂಡಿಗೆ ಅಂಟಿಕೊಂಡದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಆಟದ ಬಗ್ಗೆ ಚಿಂತಕರು ಒಂದೇ ನಿಲುವು ತಳೆದಿಲ್ಲ. 1897ರಲ್ಲಿ ಮದರಾಸಿನಲ್ಲಿ ಮಾತನಾಡಿದ ವಿವೇಕಾನಂದರು, ಗೀತೆಯ ಅಧ್ಯಯನಕ್ಕಿಂತ ಫುಟ್‌ಬಾಲೇ ಯುವಕರನ್ನು ಸ್ವರ್ಗಕ್ಕೆ ಹತ್ತಿರ ಒಯ್ಯುತ್ತದೆ ಎಂದರು. ದೇಹ ಗಟ್ಟಿಯಾದರೆ ಗೀತೆಯೂ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಅವರ ಇಂಗಿತ. ಆಟ ಇಲ್ಲಿ ಸಾಧನ. ಇದಕ್ಕೆ ಎದುರಾಗಿ ಬ್ರಹ್ಮಸೂತ್ರ ಸೃಷ್ಟಿಯನ್ನೇ ಪ್ರಯೋಜನದ ಹಂಗಿಲ್ಲದ ಲೀಲೆ, ಅಂದರೆ ಆಟ, ಎನ್ನುತ್ತದೆ. ಡಚ್ ಚಿಂತಕ ಯೋಹಾನ್ ಹುಯಿಜಿಂಗ 1938ರಲ್ಲಿ, ಆಟವು ದಿನನಿತ್ಯದ ಬದುಕಿನಿಂದ ಬೇರೆಯಾದ, ತನ್ನದೇ ನಿಯಮಗಳ ವಲಯ ಎಂದು ವಾದಿಸಿದ. ಈ ವಾದದಂತೆ ಸಮತೆ ದಿಟವೇ. ಆದರೆ ಗೆರೆಯಿಂದಾಚೆಗೆ ಅದರ ಆಣೆ ನಡೆಯದು.

ಸಮತೆಯ ಬಗ್ಗೆ ಹನ್ನೆರಡನೆಯ ಶತಮಾನದ ಶರಣರ ನಿಲುವು ಇದಕ್ಕಿಂತ ಕಠಿಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ನಡೆದ ಮದುವೆಯನ್ನು ಪರಂಪರೆ ನೆನೆಯುತ್ತದೆ. ಶರಣರ ಕೂಟದೊಳಗಿನ ಸಮತೆಯನ್ನು ಮನೆಯ ಹೊಸ್ತಿಲಿಗೂ ಒಯ್ದದ್ದಕ್ಕೆ ಆ ಇಬ್ಬರು ತಂದೆಯರು ತೆತ್ತ ಬೆಲೆ ಪ್ರಾಣ. ಶರಣರ ಈ ಒರೆಗಲ್ಲಿಗೆ ತಿಕ್ಕಿದರೆ ಮೈದಾನದ ಸಮತೆ ಅರ್ಧ ಸತ್ಯ. ಆಫ್‌ಸೈಡ್ ನಿಯಮ ಯಾರ ಜಾತಿಯನ್ನೂ ಕೇಳುವುದಿಲ್ಲ, ನಿಜ. ಆದರೆ ಟರ್ಫಿನ ಬಾಗಿಲು ಬಾಡಿಗೆ ಕೇಳುತ್ತದೆ. ನಿಯಮ ಕೊಡುವುದು ಒಳಗಿದ್ದವರ ನಡುವಿನ ನ್ಯಾಯವನ್ನಷ್ಟೆ. ಒಳಗೆ ಯಾರು ಬರಬೇಕೆಂಬುದನ್ನು ತೀರ್ಮಾನಿಸುವುದು ಬಯಲು, ಬಿಡುವು ಮತ್ತು ದುಡ್ಡು. ಇವುಗಳ ಹಂಚಿಕೆ ಆಟದ ಕೈಯಲ್ಲಿಲ್ಲ, ಸಮಾಜದ ಕೈಯಲ್ಲಿದೆ.